ಒಂದೇ ಡಿಸ್ಕ್, ಎರಡು ಆಟ: ವಿಜಯನಗರದ ಒಂದು ಮನೆಯಲ್ಲಿ ಸೈಬರ್‌ಪಂಕ್ 2077

ವಿಷಯ ಇಷ್ಟು. ಬೆಂಗಳೂರಿನ ವಿಜಯನಗರದ ಒಂದು ಮನೆಗೆ 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಅನ್ನೋ ವಿಡಿಯೊ ಗೇಮ್‌ನ ಡಿಸ್ಕ್ ಬಂತು. ಪಿಎಸ್4ಗೆ (ಟಿವಿಗೆ ಜೋಡಿಸಿ ಆಡೋ ಸೋನಿಯ ಗೇಮ್ ಮಷೀನ್, ಇಂಥದ್ದಕ್ಕೆ ಕನ್ಸೋಲ್ ಅಂತಾರೆ) ಹಾಕಿ ಆಡಿದರು. ಬೇಜಾರಾಗಿ ಎತ್ತಿಟ್ಟರು. 2023ರಲ್ಲಿ ಅದೇ ಡಿಸ್ಕನ್ನು ಅದರ ಮುಂದಿನ ತಲೆಮಾರಿನ ಪಿಎಸ್5ಗೆ ಹಾಕಿದರು. ಈ ಸಲ ಕೊನೆವರೆಗೂ ಬಿಡದೆ ಆಡಿದರು. ಮನೆ ಅದೇ, ಟಿವಿ ಅದೇ, ಆಡಿದವರೂ ಅವರೇ.

ಇಷ್ಟೊಂದು ಹೈಪ್ ಆದ ಗೇಮ್ ನಿಜಕ್ಕೂ ಚೆನ್ನಾಗಿದೆಯಾ ಅಂತ ಕೇಳಿದರೆ ಈ ಮನೆಯಲ್ಲಿ ಎರಡು ಉತ್ತರ ಸಿಗುತ್ತೆ. ಎರಡೂ ನಿಜ. ಹಾಗಾಗಿ ಆ ಪ್ರಶ್ನೆಯನ್ನು ಹಾಗೆ ಕೇಳೋದೇ ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸಿದೆ. ಯಾವ ಮಾತು ನಂಬಿ ಕೊಂಡಿರಿ, ಯಾವ ಮಷೀನಲ್ಲಿ ಆಡಿದಿರಿ, ಯಾವಾಗ ಆಡಿದಿರಿ ಅನ್ನೋದನ್ನ ಮೊದಲು ಕೇಳಬೇಕು. ಈ ಒಂದು ಮನೆಯ ಪ್ರಕರಣವನ್ನು ಪೂರ್ತಿ ಬರೆದಿಡೋಕೆ ಅದೇ ಕಾರಣ.

ಮನೆ ನನ್ನ ಸೋದರತ್ತೆಯದು. ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಕೋವಿಡ್ ಕಾಲ ಆದ್ದರಿಂದ ಆಗ ಮನೆಯಿಂದಲೇ ಕೆಲಸ. ಚಿಕ್ಕವನು ಆಗ ಸೆಕೆಂಡ್ ಪಿಯು.

ನಂಬಿಕೆ ಬೆಳೆದ ಬಗೆ

ಗೇಮ್ ಮಾಡಿದ್ದು ಪೋಲೆಂಡ್‌ನ ವಾರ್ಸಾದಲ್ಲಿರುವ ಸಿಡಿ ಪ್ರೊಜೆಕ್ಟ್ ರೆಡ್. ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ತಂದ, ಟೇಬಲ್ ಸುತ್ತ ಕೂತು ಆಡುವ ಆಟವೊಂದು ಇದಕ್ಕೆ ಮೂಲ. ವಿಡಿಯೊ ಗೇಮ್ ಬರುತ್ತೆ ಅಂತ ಕಂಪನಿ ಹೇಳಿದ್ದು 2012ರಲ್ಲಿ. ಮೊದಲ ಟೀಸರ್ ಬಂದದ್ದು 2013ರ ಜನವರಿಯಲ್ಲಿ. ಆಗ ಪಿಎಸ್4 ಕೂಡ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ.

ನಡುವೆ 2015ರಲ್ಲಿ ಇದೇ ಕಂಪನಿಯ ದಿ ವಿಚರ್ 3 ಬಂತು. ದೊಡ್ಡವನು ಅದನ್ನು ಇದೇ ಪಿಎಸ್4ನಲ್ಲಿ ಮುಗಿಸಿದ್ದ. ಅಷ್ಟು ಒಳ್ಳೆ ಗೇಮ್ ಕೊಟ್ಟವರು ಇನ್ನೊಂದು ಮಾಡ್ತಿದ್ದಾರೆ ಅಂದ್ರೆ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು ಅನ್ನೋದು ಅವನ ಲೆಕ್ಕ. ಆ ಲೆಕ್ಕ ತಪ್ಪು ಅಂತ ನಾನು ಹೇಳಲ್ಲ. ಒಬ್ಬರ ಹಿಂದಿನ ಕೆಲಸ ನೋಡಿ ಮುಂದಿನದನ್ನು ನಂಬೋದು ಸಹಜ. ಎಲ್ಲಾ ವ್ಯವಹಾರದಲ್ಲೂ ನಾವು ಮಾಡೋದು ಅದೇ ಅಲ್ವಾ?

ಚಿಕ್ಕವನನ್ನು ಹಿಡಿದದ್ದು ಬೇರೆ. 2018ರ ಆಗಸ್ಟ್‌ನಲ್ಲಿ ಕಂಪನಿ 48 ನಿಮಿಷದ ಒಂದು ವಿಡಿಯೊ ಬಿಟ್ಟಿತು. ಗೇಮ್ ಆಡಿದರೆ ಹೇಗಿರುತ್ತೆ ಅಂತ ತೋರಿಸೋ ವಿಡಿಯೊ. ದೊಡ್ಡ ಅಪಾರ್ಟ್‌ಮೆಂಟ್ ಬ್ಲಾಕ್‌ನಿಂದ ನಾಯಕಿ ಹೊರಗೆ ಕಾಲಿಡ್ತಾಳೆ. ಸುತ್ತ ಜನಜಂಗುಳಿ. ಒಬ್ಬೊಬ್ಬರು ಒಂದೊಂದು ಕೆಲಸದಲ್ಲಿ. ಇಲ್ಲಿನ ಜನಕ್ಕೆ ಹಗಲು ರಾತ್ರಿ ಅವರದೇ ಬದುಕು ಇದೆ ಅನ್ನೋ ಮಾತು. ಗೋಡೆ ಹಿಡಿದು ಮೇಲಿಂದ ಎರಗೋ ಕಸರತ್ತು. ಒಂದೇ ಕೆಲಸವನ್ನು ನಾಲ್ಕಾರು ದಾರಿಯಲ್ಲಿ ಮುಗಿಸೋ ಸ್ವಾತಂತ್ರ್ಯ. ಚಿಕ್ಕವನು ಆ ವಿಡಿಯೊವನ್ನು ಬಾಯಿಪಾಠ ಆಗೋವರೆಗೆ ನೋಡಿದ್ದಾನೆ.

ಆ ಡೆಮೊ ಓಡಿದ್ದು ಜಿಟಿಎಕ್ಸ್ 1080 ಟಿಐ ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್ ಇದ್ದ ಕಂಪ್ಯೂಟರ್‌ನಲ್ಲಿ. ಕಂಪನಿ ಇದನ್ನು ಮುಚ್ಚಿಟ್ಟಿರಲಿಲ್ಲ, ಹೇಳಿತ್ತು. ಆ ಕಾರ್ಡ್‌ನ ಲೆಕ್ಕ ಮಾಡೋ ಶಕ್ತಿ ಪಿಎಸ್4ನದಕ್ಕಿಂತ ಸುಮಾರು ಆರು ಪಟ್ಟು ಜಾಸ್ತಿ. ಈ ಇಡೀ ಪ್ರಕರಣದ ಬೇರು ಇಲ್ಲೇ ಇದೆ. ವಿಜಯನಗರದ ಹುಡುಗ ಆಸೆ ಇಟ್ಟುಕೊಂಡದ್ದು ಒಂದು ಮಷೀನ್ ನೋಡಿ. ಅವನ ಟಿವಿ ಕೆಳಗೆ ಇದ್ದದ್ದು ಇನ್ನೊಂದು.

2019ರ ಜೂನ್‌ನಲ್ಲಿ ಗೇಮ್ ಪರಿಚಯಿಸೋಕೆ ಹಾಲಿವುಡ್ ನಟ ಕೀನು ರೀವ್ಸ್ ವೇದಿಕೆಗೆ ಬಂದರು. ಗೇಮ್‌ನ ಜಾನಿ ಸಿಲ್ವರ್‌ಹ್ಯಾಂಡ್ ಪಾತ್ರ ಅವರದು. 2020ರ ಏಪ್ರಿಲ್ 16ಕ್ಕೆ ಬಿಡುಗಡೆ ಅಂತ ಘೋಷಣೆ ಆಯಿತು. ಆಮೇಲೆ ಅದು ಸೆಪ್ಟೆಂಬರ್‌ಗೆ ಹೋಯಿತು, ಅಲ್ಲಿಂದ ನವೆಂಬರ್‌ಗೆ, ಕೊನೆಗೆ ಡಿಸೆಂಬರ್ 10ಕ್ಕೆ. ಬಿಡುಗಡೆಗೆ ಮುಂಚೆಯೇ 80 ಲಕ್ಷ ಜನ ಬುಕ್ ಮಾಡಿದ್ದರು. ಅದರಲ್ಲಿ ಈ ಮನೆಯೂ ಒಂದು. ಮೆಜೆಸ್ಟಿಕ್ ಕಡೆಯ ಒಂದು ಅಂಗಡಿಯಲ್ಲಿ ನಾಲ್ಕು ಸಾವಿರದ ಆಸುಪಾಸು ದುಡ್ಡು ಕೊಟ್ಟಿದ್ದರು.

ಮುಚ್ಚಿದ್ದ ಬಾಗಿಲು

ಜಾಗರೂಕ ಗಿರಾಕಿ ಆಗ ಏನು ಮಾಡಬಹುದಿತ್ತು? ರಿವ್ಯೂ ನೋಡಬಹುದಿತ್ತು. ದೊಡ್ಡವನು ನೋಡಿದ. ಡಿಸೆಂಬರ್ 7ಕ್ಕೆ ರಿವ್ಯೂಗಳು ಬಂದವು, ಹೊಗಳಿಕೆಯೇ ಜಾಸ್ತಿ. ಆದರೆ ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ತಾವೇ ರೆಕಾರ್ಡ್ ಮಾಡಿದ ದೃಶ್ಯಗಳನ್ನು ಆ ಮೊದಲ ರಿವ್ಯೂಗಳಲ್ಲಿ ತೋರಿಸೋ ಹಾಗಿರಲಿಲ್ಲ. ಕಂಪನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕಿತ್ತು. ಪಿಎಸ್4ನಲ್ಲಿ ಹೇಗಿದೆ ಅನ್ನೋದನ್ನು ಹಣ ಕೊಟ್ಟವರು ತಮ್ಮ ಮನೆಯಲ್ಲೇ ಮೊದಲ ಸಲ ನೋಡಬೇಕಾಯಿತು.

ಹಿಂದಿನ ತಿಂಗಳು ಹೂಡಿಕೆದಾರರ ಜೊತೆ ಮಾತಾಡುವಾಗ ಕಂಪನಿಯ ಜಂಟಿ ಮುಖ್ಯಸ್ಥ ಆಡಮ್ ಕಿಚಿನ್‌ಸ್ಕಿ, ಹಳೇ ಕನ್ಸೋಲ್‌ಗಳಲ್ಲೂ ಗೇಮ್ ಅಚ್ಚರಿಪಡುವಷ್ಟು ಚೆನ್ನಾಗಿ ಓಡುತ್ತೆ ಅನ್ನೋ ಅರ್ಥದ ಮಾತು ಹೇಳಿದ್ದರು. ನನ್ನ ಕೋಪ ಇರೋದು ಇಲ್ಲಿ. ಗೇಮ್‌ನಲ್ಲಿ ದೋಷ ಇರೋದು ಬೇರೆ. ದೊಡ್ಡ ಕೆಲಸದಲ್ಲಿ ದೋಷ ಬಂದೇ ಬರುತ್ತೆ. ಕೊಳ್ಳೋನಿಗೆ ಪರೀಕ್ಷೆ ಮಾಡೋ ದಾರಿಯನ್ನೇ ಮುಚ್ಚೋದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಮಾತಿದೆ. ಪಿಎಸ್5 ಹೊರಗಿನ ದೇಶಗಳಲ್ಲಿ 2020ರ ನವೆಂಬರ್‌ನಲ್ಲೇ ಬಂತು. ಇಲ್ಲಿ ಬಂದದ್ದು 2021ರ ಫೆಬ್ರವರಿ 2ಕ್ಕೆ, ಡಿಸ್ಕ್ ಹಾಕೋ ಮಾಡೆಲ್‌ಗೆ 49,990 ರೂಪಾಯಿ. ಹೊಸ ಕನ್ಸೋಲ್‌ನಲ್ಲಿ ಆಡಿದರೆ ವಾಸಿ ಅಂತ ಅಮೆರಿಕದವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾಗ ಬೆಂಗಳೂರಿನ ಅಂಗಡಿಯಲ್ಲಿ ಅದು ಸಿಗುತ್ತಲೇ ಇರಲಿಲ್ಲ. ಕಂಪ್ಯೂಟರ್ ಕಟ್ಟಿಸೋಣ ಅಂತ ಎಸ್‌ಪಿ ರೋಡ್‌ಗೆ ಹೋದರೆ ಗ್ರಾಫಿಕ್ಸ್ ಕಾರ್ಡ್ ಬೆಲೆ ಆಕಾಶದಲ್ಲಿತ್ತು. ಕ್ರಿಪ್ಟೊ ಗಣಿಗಾರಿಕೆ, ಚಿಪ್ ಕೊರತೆ ಎರಡೂ ಸೇರಿ ಸಾಮಾನ್ಯ ಜನರ ಕೈಗೆ ಕಾರ್ಡ್ ಸಿಗದ ಕಾಲ ಅದು.

ಪಿಎಸ್4ನಲ್ಲಿ ಕಂಡದ್ದು

ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದ್ದವು. ಒಂದು ಇನ್‌ಸ್ಟಾಲ್ ಮಾಡೋಕೆ, ಇನ್ನೊಂದು ಆಡೋಕೆ. ಇಲ್ಲಿ ನಾನು ಡಿಸ್ಕ್ ಅನ್ನೋದು ಆ ಎರಡನೆಯದಕ್ಕೆ.

ಅದನ್ನು ಹಾಕಿ ಆಡಿದ ಸಂಜೆ ನಾನೂ ಅಲ್ಲಿದ್ದೆ. ಚಿಕ್ಕವನು ಕಾರು ಓಡಿಸ್ತಾ ಒಂದು ಬೀದಿಗೆ ತಿರುಗಿದ. ಅಂಗಡಿಗಳ ಬೋರ್ಡ್ ಮಸುಕಾಗಿತ್ತು, ಎರಡು ಮೂರು ಸೆಕೆಂಡ್ ಆದ ಮೇಲೆ ಅಕ್ಷರ ಮೂಡಿತು. ರಸ್ತೆಯಲ್ಲಿ ಬೆರಳೆಣಿಕೆ ಜನ. ಎದುರಿಗೆ ಬಂದು ನಿಂತು ಮಾತಾಡಿದವನ ಮುಖ ನುಣ್ಣಗೆ, ಮೇಣದ ಗೊಂಬೆಯ ಹಾಗೆ ಇತ್ತು. ಮಾತು ಅರ್ಧ ಮುಗಿದ ಮೇಲೆ ಗಡ್ಡ, ಚರ್ಮದ ಗೆರೆ ಎಲ್ಲ ಬಂದವು. ಸೊಪ್ಪು ಬಿಡಿಸ್ತಾ ಕೂತಿದ್ದ ಅತ್ತೆ ತಲೆ ಎತ್ತಿ, "ಇದೇನೋ, ಅವನಿಗೆ ಮುಖಾನೇ ಇಲ್ಲ. ಇದಕ್ಕೇನಾ ನಾಲ್ಕು ಸಾವಿರ ಕೊಟ್ಟಿದ್ದು?" ಅಂದರು.

"ಅಮ್ಮಾ, ಲೋಡ್ ಆಗ್ತಿದೆ ಇರಮ್ಮ" ಅಂತ ಚಿಕ್ಕವನು ಅಂದ. ಅವನ ದನಿಯಲ್ಲೇ ಗೊತ್ತಾಗ್ತಿತ್ತು.

ಕಾರಣ ನಿಗೂಢವೇನೂ ಅಲ್ಲ. ಗೇಮ್ ನಡೆಯೋ ಇಷ್ಟು ದೊಡ್ಡ ನಗರ ಒಂದೇ ಸಲಕ್ಕೆ ಮಷೀನ್‌ನ ಮೆಮೊರಿಯಲ್ಲಿ ಹಿಡಿಸಲ್ಲ. ನೀವು ಹೋದ ಹಾಗೆ ಮುಂದಿನ ಬೀದಿಯನ್ನು ಡ್ರೈವ್‌ನಿಂದ ಎತ್ತಿಕೊಂಡು ಬರಬೇಕು, ಹಿಂದಿನದನ್ನು ಬಿಸಾಡಬೇಕು. ಪಿಎಸ್4ನಲ್ಲಿರೋದು ತಿರುಗೋ ಹಾರ್ಡ್ ಡಿಸ್ಕ್. ಸೆಕೆಂಡಿಗೆ ಸುಮಾರು 100 ಎಂಬಿ ಬಂದರೆ ದೊಡ್ಡದು. ಪಿಎಸ್5ನ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ, ಚಿಪ್ ಮೇಲಿನ ಡ್ರೈವ್) ಸೆಕೆಂಡಿಗೆ 5.5 ಜಿಬಿ ಕೊಡುತ್ತೆ. ಕಾರು ಜೋರಾಗಿ ಓಡಿಸಿದಷ್ಟೂ ಹಳೇ ಡ್ರೈವ್ ಹಿಂದೆ ಬೀಳುತ್ತೆ. ಆಗ ಮಸುಕು ಬೋರ್ಡ್, ಖಾಲಿ ರಸ್ತೆ, ಮುಖ ಇಲ್ಲದ ಮನುಷ್ಯ. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಮಾರ್ಚಿನ್ ಇವಿನ್‌ಸ್ಕಿ 2021ರ ಜನವರಿಯಲ್ಲಿ ವಿಡಿಯೊ ಮಾಡಿ, ಹಳೇ ಕನ್ಸೋಲ್‌ಗಳಿಗೆ ಈ ಸ್ಟ್ರೀಮಿಂಗ್ ಕೆಲಸ ಹೊಂದಿಸೋದು ಎಷ್ಟು ಕಷ್ಟ ಅನ್ನೋದನ್ನ ತಾವು ಕಡಿಮೆ ಅಂದಾಜು ಮಾಡಿದ್ದಾಗಿ ಒಪ್ಪಿಕೊಂಡರು.

ಇದು ಒಂದು ಮನೆಯ ದೂರು ಆಗಿರಲಿಲ್ಲ. ಸಾಮಾನ್ಯ ಪಿಎಸ್4ನಲ್ಲಿ ಚಿತ್ರದ ಗುಣಮಟ್ಟ 720ಪಿವರೆಗೂ (ಫುಲ್ ಎಚ್‌ಡಿಗಿಂತ ಕೆಳಗೆ) ಇಳಿಯುತ್ತಿತ್ತು. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ, ಇರಬೇಕಾದ ಕಡೆ 20ಕ್ಕಿಂತ ಕೆಳಗೆ ಬೀಳುತ್ತಿತ್ತು. ಆಟ ನಡುವೆ ನಿಂತುಹೋಗೋದು ಎಲ್ಲ ದೇಶದವರ ದೂರು. ವಿಮರ್ಶಕರ ಅಂಕಗಳ ಸರಾಸರಿಯನ್ನು ನೂರಕ್ಕೆ ಕೊಡೋ ವೆಬ್‌ಸೈಟ್ ಮೆಟಾಕ್ರಿಟಿಕ್‌ನಲ್ಲಿ ಕಂಪ್ಯೂಟರ್ ಆವೃತ್ತಿಗೆ 86 ಇದ್ದರೆ ಪಿಎಸ್4 ಆವೃತ್ತಿಗೆ 57. ಡಿಸೆಂಬರ್ 14ಕ್ಕೆ ಕಂಪನಿ ಕ್ಷಮೆ ಕೇಳಿ, ಬೇಡ ಅನ್ನೋರು ಹಣ ವಾಪಸ್ ಪಡೀಬಹುದು ಅಂದಿತು. ಅದೇ ವಾರ ಸೋನಿ ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ಗೇಮನ್ನೇ ತೆಗೆದುಹಾಕಿತು. ಅದು ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. ಇಷ್ಟು ದೊಡ್ಡ ಗೇಮ್‌ಗೆ ಹೀಗೆ ಆಗಿದ್ದು ತೀರಾ ಅಪರೂಪ.

ಆನ್‌ಲೈನ್‌ನಲ್ಲಿ ಕೊಂಡವರಿಗೆ ಹಣ ವಾಪಸ್ ಸುಲಭ ಇತ್ತು. ಡಿಸ್ಕ್ ಕೊಂಡವರು ಮೊದಲು ಅಂಗಡಿಗೆ ಹೋಗಬೇಕು, ಆಗದಿದ್ದರೆ ಡಿಸೆಂಬರ್ 21ರ ಒಳಗೆ ಕಂಪನಿಗೆ ಮೇಲ್ ಮಾಡಬೇಕು. ಇವರ ಅಂಗಡಿಯವರು ಒಡೆದ ಪೆಟ್ಟಿಗೆ ತಗೊಳ್ಳಲ್ಲ ಅಂದರು. ಬೇಕಾದರೆ ಹಳೇ ಮಾಲು ಅಂತ ಅರ್ಧಕ್ಕಿಂತ ಕಮ್ಮಿಗೆ ಕೊಂಡ್ಕೋತೀನಿ ಅಂದರು. ದೊಡ್ಡವನು ಮೇಲ್ ಮಾಡೋಣ ಅಂದ. ಚಿಕ್ಕವನು ಬೇಡ ಅಂದ. "ಅಣ್ಣಾ, ಪ್ಯಾಚ್ ಬರುತ್ತೆ, ಸರಿ ಹೋಗುತ್ತೆ, ಕೊಡಬೇಡ." ಪ್ಯಾಚ್ ಅಂದರೆ ಬಿಡುಗಡೆ ಆದ ಮೇಲೆ ಕಂಪನಿ ಇಂಟರ್ನೆಟ್‌ನಲ್ಲಿ ಕಳಿಸೋ ರಿಪೇರಿ. ಆ ಜಗ್ಗಾಟದಲ್ಲಿ ಗಡುವು ದಾಟಿತು. ಅತ್ತೆ ಇದನ್ನೆಲ್ಲ ನೋಡಿ ನೀರಲ್ಲಿ ಹೋಮ ಮಾಡಿದ ಹಾಗಾಯ್ತು ಅಂದರು. ಪಿಯು ಪರೀಕ್ಷೆಗೆ ಓದ್ಕೊಳ್ಳಲಿ ಅಂತ ಪೆಟ್ಟಿಗೆಯನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು.

ಅದೇ ಡಿಸ್ಕ್, 2023

ಪಿಎಸ್5 ಬಹಳ ದಿನ ಸಿಗೋದೇ ಕಷ್ಟ ಇತ್ತು. ಪ್ರೀ ಬುಕಿಂಗ್ ತೆರೆದರೆ ನಿಮಿಷಗಳಲ್ಲಿ ಖಾಲಿ. ಅದು ಸರಾಗವಾಗಿ ಸಿಗೋ ಹಾಗಾದ ಮೇಲೆ ದೊಡ್ಡವನು ಒಂದು ಕೊಂಡ. ಡಿಸ್ಕ್ ಇಲ್ಲದ ಮಾಡೆಲ್ ಹತ್ತು ಸಾವಿರ ಅಗ್ಗ ಇದ್ದರೂ ಬೇಡ ಅಂದ. ಆ ತೀರ್ಮಾನದಿಂದಲೇ ಹಳೇ ಡಿಸ್ಕ್‌ಗೆ ಜೀವ ಬಂತು. 2022ರ ಫೆಬ್ರವರಿಯಲ್ಲಿ 1.5 ಪ್ಯಾಚ್ ಜೊತೆ ಪಿಎಸ್5 ಆವೃತ್ತಿ ಬಂದಿತ್ತು. ಪಿಎಸ್4 ಡಿಸ್ಕ್ ಇದ್ದವರಿಗೆ ಅದು ಉಚಿತ. ಡಿಸ್ಕ್ ಒಳಗೆ ಹಾಕಿದರೆ ಸಾಕು, ಹೊಸ ಆವೃತ್ತಿ ಡೌನ್‌ಲೋಡ್ ಆಗುತ್ತೆ. ಆಡುವಾಗ ಡಿಸ್ಕ್ ಒಳಗೇ ಇರಬೇಕು, ಅಷ್ಟೇ. ಹಳೇ ಗೇಮ್ ಪೆಟ್ಟಿಗೆಗಳು ಮನೆಯಲ್ಲಿದ್ದರೆ ಕನ್ಸೋಲ್ ಕೊಳ್ಳುವಾಗ ಇದನ್ನು ನೆನಪಿಟ್ಟುಕೊಳ್ಳಿ.

2023ರ ಸೆಪ್ಟೆಂಬರ್ 21ಕ್ಕೆ 2.0 ಪ್ಯಾಚ್ ಬಂತು. ಇದೂ ಉಚಿತ. ಪೊಲೀಸ್ ವ್ಯವಸ್ಥೆ ಬದಲಾಯಿತು. ಮೊದಲು ತಪ್ಪು ಮಾಡಿದ ಕೂಡಲೇ ಬೆನ್ನ ಹಿಂದೆಯೇ ಪೊಲೀಸರು ಪ್ರತ್ಯಕ್ಷ ಆಗ್ತಿದ್ದರು. ಈಗ ಗಾಡಿ ಹತ್ತಿ ಬೆನ್ನಟ್ಟುತ್ತಾರೆ. ಕೌಶಲ ಬೆಳೆಸೋ ಇಡೀ ಪಟ್ಟಿಯನ್ನು ಹೊಸದಾಗಿ ಕಟ್ಟಿದರು. ಐದು ದಿನ ಬಿಟ್ಟು ಫ್ಯಾಂಟಮ್ ಲಿಬರ್ಟಿ ಅನ್ನೋ ವಿಸ್ತರಣೆ ಬಂತು. ಅದಕ್ಕೆ ಬೇರೆ ದುಡ್ಡು, ಪಿಎಸ್4ಗೆ ಅದು ಬರಲೇ ಇಲ್ಲ. ಹಳೇ ಕನ್ಸೋಲ್‌ನವರಿಗೆ 2022ರ 1.6 ಕಡೆಯ ದೊಡ್ಡ ಪ್ಯಾಚ್. 2020ರಲ್ಲಿ ದುಡ್ಡು ಕೊಟ್ಟು, ಕಾದು, ಪಿಎಸ್4ನಲ್ಲೇ ಉಳಿದವರಿಗೆ ಗೇಮ್ ಪೂರ್ತಿ ಸರಿ ಹೋಗಲೇ ಇಲ್ಲ. "ಈಗ ಗೇಮ್ ಸೂಪರ್ ಆಗಿದೆ" ಅನ್ನೋರು ಆ ಜನರನ್ನು ಮರೆತುಬಿಡ್ತಾರೆ.

ಈ ಮನೆಯಲ್ಲಿ ಮಾತ್ರ ಎರಡನೇ ಆಟ ಶುರು ಆಯಿತು. ಬೋರ್ಡ್ ಅಕ್ಷರ ದೂರದಿಂದಲೇ ಕಾಣುತ್ತೆ. ಮುಖಕ್ಕೆ ಮುಖ ಇದೆ. ಅಷ್ಟಕ್ಕೆ ಗೇಮ್ ಒಳ್ಳೇದಾಗಲ್ಲ, ಸರಿ. ಆದರೆ ಮುಖ ಕಂಡಾಗಲೇ ಈ ಗೇಮ್‌ನ ನಿಜವಾದ ಶಕ್ತಿ ಏನು ಅಂತ ತಿಳಿಯೋದು. ಇಲ್ಲಿ ಮಾತುಕತೆ ನಡೆಯುವಾಗ ಸಿನಿಮಾ ತರಹ ಕ್ಯಾಮೆರಾ ಬೇರೆ ಕಡೆಗೆ ಹೋಗಲ್ಲ. ನೀವು ವಿ ಅನ್ನೋ ಪಾತ್ರದ ಕಣ್ಣೊಳಗೇ ಇರ್ತೀರಿ. ಎದುರಿಗಿರೋನು ಕುರ್ಚಿ ಎಳೆದು ಕೂರ್ತಾನೆ, ದೃಷ್ಟಿ ತಪ್ಪಿಸ್ತಾನೆ, ಸಿಗರೇಟು ಹಚ್ಚುತ್ತಾನೆ. ಮುಖ ಲೋಡ್ ಆಗದಿದ್ದರೆ ಇದೆಲ್ಲ ವ್ಯರ್ಥ.

ಒಂದು ದೃಶ್ಯ ಹೇಳ್ತೀನಿ. ಗೇಮ್ ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ವಿ ಜೊತೆಗಾರ ಜಾಕಿ ವೆಲ್ಸ್ ಮೊದಲ ಭಾಗದಲ್ಲೇ ಸಾಯ್ತಾನೆ. ಆಮೇಲೆ ಅವನ ತಾಯಿ ಕರೀತಾರೆ. ಅವರದು ಒಂದು ಬಾರ್. ಸತ್ತವರಿಗೆ ಅವರಿಗಿಷ್ಟದ ವಸ್ತು ಇಟ್ಟು ನೆನೆಯೋದು ಅವರ ಕಡೆಯ ಪದ್ಧತಿ. ಜಾಕಿಯ ಗ್ಯಾರೇಜ್‌ಗೆ ಹೋಗಿ ಅವನ ಸಾಮಾನಿನಲ್ಲಿ ಏನಾದರೂ ಒಂದನ್ನು ಆರಿಸಿ ತರಬೇಕು. ಗುಂಡು ಇಲ್ಲ, ಚೇಸ್ ಇಲ್ಲ. ಸುಮ್ನೆ ಒಬ್ಬ ಗೆಳೆಯನ ವಸ್ತುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡೋದು. ಆಮೇಲೆ ಎಲ್ಲರ ಮುಂದೆ ನಿಂತು ಅವನ ಬಗ್ಗೆ ಎರಡು ಮಾತು ಆಡೋದು. ಕೊನೆಗೆ ತಾಯಿ ಅವನ ಬೈಕಿನ ಕೀ ಕೊಡ್ತಾರೆ. ಮೂರು ವರ್ಷದ ಹಿಂದೆ ಮುಖಾನೇ ಇಲ್ಲ ಅಂದಿದ್ದ ಅತ್ತೆ ಈ ಸಲ ಪಕ್ಕದಲ್ಲಿ ಕೂತು ನೋಡಿದರು. "ಪಾಪ, ಆ ತಾಯಿ" ಅಂದರು. ಕತೆ ಏನು ಅಂತ ಮೊದಲಿಂದ ಹೇಳಿಸಿಕೊಂಡರು. ಕಂಪನಿಯ ಯಾವ ಟ್ರೈಲರ್‌ನಲ್ಲೂ ಇಂಥದ್ದು ದೊಡ್ಡದಾಗಿ ಮಾರಿದ ನೆನಪು ನನಗಿಲ್ಲ. ಹೈಪ್ ಹೇಳದೇ ಇದ್ದದ್ದನ್ನೂ ಗೇಮ್ ಕೊಟ್ಟಿತು. ಇದನ್ನು ಲೆಕ್ಕಕ್ಕೆ ತಗೊಳ್ಳದೆ ತೀರ್ಪು ಕೊಡೋಕಾಗಲ್ಲ.

ಒಳ್ಳೆ ಮಷೀನ್ ಕೊಟ್ಟರೂ ಬಾರದೇ ಇದ್ದದ್ದು

ಹಾಗಂತ ಪಿಎಸ್5 ಬಂದಿದ್ದೇ ಎಲ್ಲ ಸರಿ ಹೋಯಿತು ಅಂತಲ್ಲ. ಅದು ಬಂದ ಕೂಡಲೇ ಚಿಕ್ಕವನು ಒಂದು ಪರೀಕ್ಷೆ ಮಾಡಿದ. ಜಪಾನ್‌ಟೌನ್‌ನ ಮಾರ್ಕೆಟ್ ಹತ್ತಿರ ಒಬ್ಬ ಹೆಂಗಸನ್ನು ಆರಿಸಿಕೊಂಡು ಹಿಂದೆ ಹಿಂದೆ ಹೋದ. 2018ರ ವಿಡಿಯೊ ನೋಡಿದಾಗಿನಿಂದ ಅವನ ಮನಸ್ಸಲ್ಲಿ ಇದ್ದದ್ದು ಇದೇ. ಅವಳು ಎಲ್ಲಿಗೆ ಹೋಗ್ತಾಳೆ, ಯಾರನ್ನ ಮಾತಾಡಿಸ್ತಾಳೆ, ರಾತ್ರಿ ಆದರೆ ಮನೆಗೆ ಹೋಗ್ತಾಳಾ? ಅವಳು ಮಾರ್ಕೆಟ್ ದಾಟಿದಳು, ರಸ್ತೆ ದಾಟಿದಳು, ಎಲ್ಲೂ ನಿಲ್ಲಲಿಲ್ಲ. ಒಂದು ಕ್ಷಣ ಕ್ಯಾಮೆರಾ ಆಚೆ ತಿರುಗಿಸಿ ವಾಪಸ್ ನೋಡಿದರೆ ಅವಳಿಲ್ಲ. ಅಲ್ಲಿ ಬೇರೆ ಯಾರೋ ನಡೀತಿದ್ದಾರೆ.

ಇದು ಮಷೀನ್‌ನ ಬಡತನ ಅಲ್ಲ. ಬೀದಿಯ ಜನ ಇಲ್ಲಿ ಬದುಕೋರಲ್ಲ, ಅಲಂಕಾರ. ಗೋಡೆ ಹತ್ತಿ ಓಡೋ ಕಸರತ್ತನ್ನು ಬಿಡುಗಡೆಗೆ ಮುಂಚೆಯೇ ಕೈಬಿಟ್ಟಿದ್ದರು. ಅಲೆಮಾರಿ, ಬೀದಿಯವನು, ಕಾರ್ಪೊರೇಟ್‌ನವನು ಅಂತ ಮೂರು ಹಿನ್ನೆಲೆ ಕೊಟ್ಟರು. ಆದರೆ ಆರಂಭದ ಅರ್ಧ ಗಂಟೆ, ಅಲ್ಲಲ್ಲಿ ಬರೋ ಮಾತು ಬಿಟ್ಟರೆ ಕತೆ ಒಂದೇ. ಡೆಮೊದಲ್ಲಿ ತೋರಿಸಿದ ಮೇಲ್‌ಸ್ಟ್ರೋಮ್ ಗ್ಯಾಂಗ್‌ನ ಕೆಲಸ ಗೇಮ್‌ನಲ್ಲೂ ಇದೆ, ಅದನ್ನು ನಿಜವಾಗಿಯೂ ಹಲವು ದಾರಿಯಲ್ಲಿ ಮುಗಿಸಬಹುದು. ಉಳಿದ ಕೆಲಸಗಳಲ್ಲಿ ಅಷ್ಟು ಕವಲು ಸಿಗೋದು ಅಪರೂಪ. ತೋರಿಸಿದ ಮಾದರಿ ಇಡೀ ಗೇಮ್‌ನ ಅಳತೆ ಆಗಿರಲಿಲ್ಲ. ಆ ಡೆಮೊ ಬಹುಪಾಲು ತೋರಿಸೋಕೆ ಅಂತಲೇ ಮಾಡಿದ್ದು ಅಂತ 2021ರ ಜನವರಿಯಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಸ್ಟುಡಿಯೊದ ಆಡಮ್ ಬಡೋವ್ಸ್ಕಿ ಅದನ್ನು ಒಪ್ಪಲಿಲ್ಲ. ಯಾರು ಸರಿ ಅನ್ನೋ ಜಗಳ ನನಗೆ ಬೇಡ. ಕೊಂಡವನ ಕೈಯಲ್ಲಿರೋದು ಡಿಸ್ಕ್, ಅದರಲ್ಲಿ ಏನಿದೆ ಅನ್ನೋದಷ್ಟೇ ಮುಖ್ಯ.

ಮೆಟ್ರೊ ವಿಷಯ ಕೇಳಿ. 2018ರ ಟ್ರೈಲರ್ ಶುರು ಆಗೋದೇ ವಿ ರೈಲಿನಲ್ಲಿ ಬರೋದರಿಂದ. 2020ರಲ್ಲಿ ಗೇಮ್ ಬಂದಾಗ ಕಂಬದ ಮೇಲೆ ಹಳಿ ಇತ್ತು, ನಿಲ್ದಾಣ ಇತ್ತು, ಹತ್ತಿ ಕೂತು ಪ್ರಯಾಣ ಮಾಡೋ ಹಾಗೆ ಮಾತ್ರ ಇರಲಿಲ್ಲ. ಅದು ಸಾಧ್ಯ ಆಗಿದ್ದು 2023ರ ಡಿಸೆಂಬರ್‌ನ 2.1 ಪ್ಯಾಚ್‌ನಲ್ಲಿ. ನಮ್ಮ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡೋಕೆ ಶುರು ಆಗಿದ್ದೂ ಅದೇ ವರ್ಷದ ಅಕ್ಟೋಬರ್‌ನಲ್ಲಿ. ದೊಡ್ಡವನು ವಿಜಯನಗರದಲ್ಲಿ ಹತ್ತಿದರೆ ನೇರ ಆಫೀಸ್ ಕಡೆ ಇಳಿಯೋ ಹಾಗಾಯಿತು. ಆ ಡಿಸೆಂಬರ್‌ನಲ್ಲಿ ಹಗಲು ಒಂದು ಮೆಟ್ರೊ, ರಾತ್ರಿ ಇನ್ನೊಂದು. ಗೇಮ್‌ನ ಮೆಟ್ರೊದಿಂದ ಆಟಕ್ಕೆ ಏನೂ ಲಾಭ ಇಲ್ಲ. ಆದರೂ ಅವನು ಕಿಟಕಿ ಪಕ್ಕ ಕೂತು ಗೇಮ್‌ನ ನಗರ ನೈಟ್ ಸಿಟಿಯನ್ನು ನೋಡ್ತಾ ಹೋಗೋದನ್ನ ತುಂಬಾ ಇಷ್ಟಪಟ್ಟ. ಕೊಟ್ಟ ಮಾತನ್ನು ಮೂರು ವರ್ಷ ತಡವಾಗಿಯಾದರೂ ಉಳಿಸಿಕೊಂಡ ಕೆಲವು ಜಾಗಗಳಲ್ಲಿ ಇದೂ ಒಂದು.

ತೀರ್ಪು

ದೊಡ್ಡವನು ಒಳ್ಳೆ ಕತೆ ಬೇಕು ಅಂತ ಕೊಂಡಿದ್ದ. ಅವನಿಗೆ ಪಿಎಸ್5ನಲ್ಲಿ ಸಿಕ್ಕಿದ್ದು ನಿರೀಕ್ಷೆಗಿಂತ ಜಾಸ್ತಿಯೇ. ಚಿಕ್ಕವನು ಜೀವ ಇರೋ ನಗರ ಬೇಕು ಅಂತ ಕೊಂಡಿದ್ದ. ಅದು ಅವನಿಗೆ ಇವತ್ತಿಗೂ ಸಿಕ್ಕಿಲ್ಲ, ಆದರೂ ಗೇಮ್ ಇಷ್ಟ ಅಂತಾನೆ. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಆಡಿದ್ದು.

ನನ್ನ ಪ್ರಕಾರ 2020ರ ಪಿಎಸ್4 ಆವೃತ್ತಿ ಮಾರಬಾರದ ಸರಕು. ಅದರಲ್ಲಿ ಎರಡು ಮಾತಿಲ್ಲ. ಇವತ್ತಿನ ಪಿಎಸ್5 ಅಥವಾ ಒಳ್ಳೆ ಕಂಪ್ಯೂಟರ್ ಇದ್ದವರಿಗೆ ನಾನು ಧೈರ್ಯವಾಗಿ ಆಡಿ ಅಂತೀನಿ. 2024ರ ನವೆಂಬರ್ ಹೊತ್ತಿಗೆ ಮೂರು ಕೋಟಿ ಪ್ರತಿ ಮಾರಾಟ ಆಗಿದೆ, ಕಂಪನಿ ಬಚಾವ್ ಆಯಿತು. ಕೆಲಸ ಬಿಡದೆ ರಿಪೇರಿ ಮಾಡಿದ ತಂಡಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ರಿಪೇರಿ ಆದದ್ದು ಗೇಮ್, ಮಾರಿದ ರೀತಿ ಅಲ್ಲ. ಪರೀಕ್ಷೆಗೆ ಅವಕಾಶ ಕೊಡದೆ ಮುಂಗಡ ತಗೊಂಡದ್ದನ್ನು ಯಾವ ಪ್ಯಾಚ್ ಕೂಡ ಸರಿ ಮಾಡಲ್ಲ.

ಈಗ ಈ ಮನೆಯಲ್ಲಿ ಹೊಸ ಚರ್ಚೆ ಶುರು ಆಗಿದೆ. ಜಿಟಿಎ 6, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಹೊಸ ಗೇಮ್. ಮೊದಲ ಟ್ರೈಲರ್ 2023ರ ಡಿಸೆಂಬರ್‌ನಲ್ಲಿ ಬಂತು. 2025ಕ್ಕೆ ಅಂದದ್ದು 2026ಕ್ಕೆ ಹೋಯಿತು. ಈ ಸಲ ಘೋಷಣೆ ಆಗಿರೋದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳಿಗೆ ಮಾತ್ರ. ಹಳೇ ಮಷೀನ್‌ಗೆ ತುರುಕೋ ಕೆಲಸ ಇಲ್ಲ, ಅದು ಒಳ್ಳೆ ಲಕ್ಷಣ. ಚಿಕ್ಕವನು ಈಗ ತಾನೇ ಸಂಪಾದಿಸ್ತಾನೆ, ಮೊದಲ ದಿನವೇ ಬೇಕು ಅಂತಾನೆ. ಗೆಳೆಯರೆಲ್ಲ ಒಟ್ಟಿಗೆ ಆಡುವಾಗ ನಾನೊಬ್ಬನೇ ಕಾಯೋದಾ ಅನ್ನೋದು ಅವನ ವಾದ. ಅದರಲ್ಲೂ ಸತ್ಯ ಇದೆ, ಮೊದಲ ವಾರದ ಖುಷಿ ಆಮೇಲೆ ಸಿಗಲ್ಲ. ದೊಡ್ಡವನದು ಒಂದೇ ಷರತ್ತು: ನಮ್ಮ ಹತ್ತಿರ ಇರೋ ಇದೇ ಪಿಎಸ್5 ಮಾಡೆಲ್‌ನಲ್ಲಿ, ಕಂಪನಿಯವರಲ್ಲದ ಯಾರಾದರೂ ಒಂದು ಗಂಟೆ ಆಡಿ ತೋರಿಸಬೇಕು, ಆಮೇಲೆ ದುಡ್ಡು. ಸದ್ಯಕ್ಕೆ ಇಬ್ಬರೂ ಅದಕ್ಕೆ ಒಪ್ಪಿದ್ದಾರೆ. ಇನ್ನೂ ಬುಕ್ ಮಾಡಿಲ್ಲ.